ರೀನಾ ಎಲ್ಲಿ ಕಲಿಯಬೇಕು

ಪಾಳಾ
೨೦ ಜೂನ್ ೨೦೦೪

ಪ್ರೀತಿಯ ಮಹಾದೇವಕ್ಕನಿಗೆ ಶಿವಗಂಗಾಳ ನಮಸ್ಕಾರಗಳು.

ನಾನೂ ಇವರೂ ಕ್ಷೇಮ. ಬಂಗೂರನಗರದಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಯುಗಾದಿಗೇ ಬಂದಿತ್ತು. ಉತ್ತರ ಕಾರಹುಣ್ಣಿಮೆ ದಾಟಿ ಹೊರಟಿದೆ. ಬೈಯಬೇಡ. ಚುನಾವಣೆ ಕೆಲಸಕ್ಕೆ ಹಾಕಿದ್ದರು, ಆಮೇಲೆ ಶಾಲೆ ಸುರುವಾಯಿತು ಎಂಬ ನೆಪಗಳೇನೋ ಇವೆ. ಬರೆಯಲು ಮನಸ್ಸಿರಲಿಲ್ಲ ಎನ್ನುವುದು ನಿಜ.

ಮುಂದಿನ ಶನಿವಾರ ಮುಂಡಗೋಡದಲ್ಲಿ ಶಿಕ್ಷಕರ ಸಭೆ ಇದೆ. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ವಿಷಯದ ಮೇಲೆ ನಾನು ಮಾತಾಡಬೇಕಂತೆ. ನಮ್ಮ ಹೆಡ್ ಮಾಸ್ತರರು ಈಶಪ್ಪನವರು, "ನಿಮಗ ಬಾಯಿ ಐತ್ರಿ ಅಕ್ಕಾರ, ನೀವ ಹೋಗ್ರಿ" ಎಂದು ನನ್ನ ಹೆಸರು ಕೊಟ್ಟು ಕೈತೊಳೆದುಕೊಂಡರು.

ನಾನು ಏನು ಹೇಳುವವಳೆಂದು ನಿನಗೆ ಗೊತ್ತೇ ಇದೆ. ಟ್ರೇನಿಂಗ್ ಕಾಲೇಜಿನಿಂದ ನಮ್ಮಿಬ್ಬರದು ಇದೇ ಜಗಳ. ಮಗ್ಗಿ ಬಾಯಿಗೆ ಬಂದರೆ ತಲೆಗೂ ಬರುತ್ತದೆ ಎನ್ನುವವಳು ನೀನು. ಅಂಜಿಕೆ ಹೋಗುವ ತನಕ ಏನೂ ಬರುವುದಿಲ್ಲ ಎನ್ನುವವಳು ನಾನು. ನಮ್ಮ ಶಾಲೆಯಿರುವ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಬೆಳೆದಿರುತ್ತದೆ. ಬಂದ ದಿನವೇ ಅದರ ಮುಂದೆ ಕನ್ನಡ ಪುಸ್ತಕ ಇಟ್ಟು ಓದು ಎಂದರೆ ಗೋಡೆ ನೋಡುತ್ತದೆ. ನಾವು ಅದನ್ನು ದಡ್ಡ ಎಂದುಬಿಡುತ್ತೇವೆ. ಅದಕ್ಕೇ ನಾನು ಒಂದನೇ ಇಯತ್ತೆಗೆ ದೀಪಾವಳಿ ತನಕ ಪುಸ್ತಕ ಮುಟ್ಟಿಸುವುದಿಲ್ಲ. ಅವರ ಮಾತಿನಲ್ಲೇ ಕಥೆ ಹೇಳಿಸುತ್ತೇನೆ, ನಾನೂ ಹೇಳುತ್ತೇನೆ. ನನ್ನ ಲಂಬಾಣಿ ಕೇಳಿ ಬಿದ್ದು ಬಿದ್ದು ನಗುತ್ತಾರೆ. ಅಕ್ಕಾರ ತಪ್ಪಿಗೆ ಒಮ್ಮೆ ನಕ್ಕ ಮಗು ಆಮೇಲೆ ತಾನು ತಪ್ಪಲು ಹೆದರುವುದಿಲ್ಲ. ಈ ವರ್ಷ ಕುಬೇರ ಎಂಬ ಪೋರ ವಾರವಿಡೀ ತುಟಿ ಬಿಚ್ಚದೆ ಕೂತಿದ್ದ. ಲಂಬಾಣಿಯಲ್ಲಿ ಅವರ ಎತ್ತಿನ ಸುದ್ದಿ ಕೇಳಿದೆ. ಈಗ ಅವನ ಬಾಯಿ ಮುಚ್ಚಿಸುವುದೇ ಒಂದು ಕೆಲಸ.

ಸಭೆಯಲ್ಲಿ ಸಾಕ್ಷಿಗೆ ತುಳಜಾಳ ಹೆಸರು ಹೇಳಬೇಕೆಂದಿದ್ದೆ. ನಮ್ಮ ಬಿಸಿಯೂಟದ ಅಡುಗೆ ಮಾಡುವ ಕಮಲಿಬಾಯಿಯ ಮಗಳು, ನಾನು ಇಲ್ಲಿಗೆ ಬಂದ ವರ್ಷ ಒಂದನೇ ಇಯತ್ತೆಗೆ ಸೇರಿದವಳು. ಈ ತಾಂಡಾದಿಂದ ಮುಂಡಗೋಡದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿ ಅವಳೇ. ಈಗ ಗಂಡ ಹೀರಪ್ಪನ ಜೊತೆ ಇಲ್ಲಿಯೇ ಮನೆ ಮಾಡಿದ್ದಾಳೆ. ಅವಳ ಮಗಳು ರೀನಾ ಈ ಜೂನಿಗೆ ಶಾಲೆಗೆ ಬರಬೇಕಿತ್ತು. ತಾಯಿಗೆ ಕಲಿಸಿದ ಕೈಯಿಂದಲೇ ಮಗಳಿಗೂ ಕಲಿಸಬೇಕೆಂದು ಕಾದಿದ್ದೆ. ಇಷ್ಟು ಆಸೆ ನಾನು ಬೇರೆ ಯಾವುದಕ್ಕೂ ಪಟ್ಟವಳಲ್ಲ.

ವಾರ ಕಳೆದರೂ ಮಗು ಬರಲಿಲ್ಲ. ಕೇಳಿದ್ದಕ್ಕೆ ಕಮಲಿಬಾಯಿ ಅನ್ನ ಬಸಿಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ಮುಂಡಗೋಡದ ಇಂಗ್ಲಿಷ್ ಸಾಲಿಗೆ ಹಾಕ್ಯಾರ್ರಿ. ಗಾಡಿ ತಾಂಡಾಕ್ಕ ಬರ್ತೈತಿ. ಅಳಿಯಂದ ಹಟ ನೋಡ್ರಿ."

ಹೀರಪ್ಪನನ್ನು ನಾನು ಬಲ್ಲೆ. ಹೆಂಡತಿ ಹಾಕಿದ ಗೆರೆ ದಾಟುವವನಲ್ಲ. ಸಂಜೆ ಅವರ ಮನೆಗೇ ಹೋದೆ. ಮಗುವನ್ನು ಬಿಡಿಸಿಕೊಂಡು ಬರುವ ಹುಂಬತನ ನನ್ನದು. ಚಹಾ ಕೊಟ್ಟರು. ರೀನಾ ಹೊಸ ಟೈ ಕಟ್ಟಿಕೊಂಡು ತೋರಿಸಿದಳು. ತುಳಜಾ ನನ್ನನ್ನು ಪಾಳಾ ರಸ್ತೆಯ ತನಕ ಕಳಿಸಲು ಬಂದಳು. ದಾರಿಯಲ್ಲಿ ಒಂದೆರಡು ಮಾತಾಯಿತು. ಅವಳ ಮಗಳು, ಅವಳ ಇಷ್ಟ. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ.

ಸಭೆಗೆ ಹೋಗಬೇಕೋ ಬೇಡವೋ ಇನ್ನೂ ತಿಳಿಯದು. ನಿನ್ನ ಮಗಳು ಉಮಾಶ್ರೀಗೂ ಶಾಲೆಯ ನೌಕರಿ ಸಿಕ್ಕಿತೆಂದು ನೀನು ಬರೆದಿದ್ದೆ, ಖುಷಿಯಾಯಿತು. ಮೊದಲ ವರ್ಷವೇ ಆ ಹುಡುಗಿಯ ಕೈಗೆ ನಿನ್ನ ಬೆತ್ತ ಕೊಡಬೇಡ. ಅವಳ ಕೈಯಲ್ಲಿ ಮಕ್ಕಳು ಬೆಳಗಲಿ, ಅವಳೂ ತಣ್ಣಗಿರಲಿ ಎಂದು ಹರಸಿದ್ದೇನೆಂದು ಹೇಳು. ನಿನ್ನ ಹರಕೆ ನನ್ನ ಮೇಲಿರಲಿ.

ನಿನ್ನ ತಂಗಿಯಂಥವಳು,
ಶಿವಗಂಗಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದರೆ ನಿನಗೆ ಸುಳ್ಳು ಹೇಳಿದಂತೆ. ತಾಂಡಾದ ಮಕ್ಕಳು ನನ್ನನ್ನು "ಯಾಡಿ" ಎಂದು ಕರೆಯುತ್ತಾರೆ. ಅವರ ಮಾತಿನಲ್ಲಿ ಅವ್ವ ಎಂದರ್ಥ. ನಾನು ಯಾರನ್ನೂ ತಿದ್ದಿಲ್ಲ. ಮನೆಯಲ್ಲಿ ನನ್ನನ್ನು ಹಾಗೆ ಕರೆಯುವವರಿಲ್ಲ, ನಿನಗೆ ಗೊತ್ತು. ರಸ್ತೆಯಲ್ಲಿ ತುಳಜಾ ಹೇಳಿದಳು: "ಹೈಸ್ಕೂಲಿನಾಗ ಮೊದಲ್ನೇ ದಿನ ಎದ್ದು ನಿಂತು ಗಣಿತದ ಟೀಚರಿಗೆ ಬಾಯಿ ತಪ್ಪಿ ಯಾಡಿ ಅಂದ್ನಿರಿ. ವರ್ಗ ಎಲ್ಲಾ ನಕ್ತು. ಮೆಟ್ರಿಕ್ ಮುಗಿಯೂತನಕ ಅದ ನನ್ನ ಹೆಸರಾತು. ಉತ್ತರ ಗೊತ್ತಿದ್ರೂ ಮತ್ತ ನಾ ಕೈ ಎತ್ತಲಿಲ್ಲ. ನಿಮ್ಮ ಸಾಲ್ಯಾಗ ನನಗ ಅಂಜಿಕೀನ ಇರ್ಲಿಲ್ರಿ. ಒಂದೀಟ ಅಂಜೂದು ಕಲಿಸಿದ್ರ ಚಲೋ ಇತ್ತು ಅನಸ್ತೈತಿ. ರೀನಾ ಮೊದ್ಲಿಂದನ ಅಂಜಿ ಬೆಳೀಲಿ."

ಸಿಟ್ಟಿನಿಂದ ಹೇಳಲಿಲ್ಲ, ಮಹಾದೇವಕ್ಕ. ನನ್ನ ಕೈ ಹಿಡಿದುಕೊಂಡೇ ಹೇಳಿದಳು. ಆಮೇಲೆ ಕೈ ಬಿಟ್ಟು, "ಬರ್ತೇನ್ರಿ ಟೀಚರ್" ಎಂದು ತಿರುಗಿ ಹೋದಳು.