ಮುಳ್ಳುರಾಯನ ಬಲಗಣ್ಣು

ನನ್ನ ಮುದ್ದು ಮುಳ್ಳುರಾಯ,

ಕಣ್ಣಾಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಅತ್ತೆ ನನ್ನ ಪಕ್ಕದಲ್ಲಿ ಕೂತು ನಿನ್ನ ಚಪ್ಪಲಿಗಳನ್ನು ಜೋಡಿಸುತ್ತಾರೆ, ಬೇರೆ ಮಾಡುತ್ತಾರೆ, ಮತ್ತೆ ಜೋಡಿಸುತ್ತಾರೆ. ನಾವಿಬ್ಬರೂ ಬಾಯಿ ತೆರೆದರೆ ಇಲ್ಲೇ ಗೊಳೋ ಅನ್ನುತ್ತೇವೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅದಕ್ಕೇ ಪೆನ್ನು ಹಿಡಿದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಕನ್ನಡ ಕಣೋ, ಒತ್ತಕ್ಷರ ಅಲ್ಲಲ್ಲಿ ಜಾರಿದ್ದರೆ ಹೊಟ್ಟೆಗೆ ಹಾಕಿಕೋ.

ಭಯವಾಗುತ್ತಿದೆ. ಸಣ್ಣಪುಟ್ಟ ಭಯವಲ್ಲ. ನಿನ್ನ ಕಣ್ಣಿಗೆ ಡೈಕಿಯಾ ಗಿಡದ ಮುಳ್ಳು ಚುಚ್ಚಿದ ದಿನದಿಂದ ಒಂದು ಗಳಿಗೆಯೂ ಅದು ನನ್ನನ್ನು ಬಿಟ್ಟಿಲ್ಲ.

ಈ ಹಾಳು ಡೈಕಿಯಾದಿಂದಲೇ ತಾನೆ ನೀನು ನನಗೆ ಸಿಕ್ಕಿದ್ದು! ಆಫೀಸಿನ ಮೇಜಿನ ಮೇಲಿಡು ಎಂದು ಗೆಳತಿ ನಿನ್ನಲ್ಲಿಂದ ತಂದುಕೊಟ್ಟ ಕುಂಡ. ಮುಳ್ಳಿದೆ ಎಂದಮೇಲೆ ಕ್ಯಾಕ್ಟಸ್ಸೇ ಇರಬೇಕು, ನೀರು ಯಾಕೆ ಎಂದುಕೊಂಡು ಒಂದು ಹನಿಯನ್ನೂ ಹಾಕದೆ ಒಣಗಿಸಿದೆ. ಆಮೇಲೆ ಜಗಳವಾಡಲೆಂದೇ ಅದನ್ನು ಚೀಲದಲ್ಲಿಟ್ಟುಕೊಂಡು ನಿನ್ನ ತಾರಸಿಯ ನರ್ಸರಿಗೆ ಹತ್ತಿ ಬಂದೆ. ನೀನು ಮಣ್ಣಿಗೆ ಬೆರಳಿಟ್ಟು ನನ್ನ ಮುಖ ನೋಡಿದ ರೀತಿ! "ಇದು ಕ್ಯಾಕ್ಟಸ್ ಅಲ್ಲ ಮೇಡಂ, ಅನಾನಸ್ ಗಿಡದ ದೊಡ್ಡಪ್ಪನ ಮಗ. ಬರ ತಡ್ಕೊಳ್ಳುತ್ತೆ ಅಂದ್ರೆ ಬರ ಇಷ್ಟ ಅಂತಲ್ಲ." ನಾನು ಅಲ್ಲೇ ನಿನ್ನ ಪ್ರೀತಿಗೆ ಬಿದ್ದೆ. ಬೂದಿ ಬಳಿದಂಥ ಎಲೆಗಳು, ಬಿಸಿಲು ಕುಡಿದು ತಾಮ್ರದ ಬಣ್ಣಕ್ಕೆ ತಿರುಗಿದ ಎಲೆಗಳು, ಎಲ್ಲದರ ಅಂಚಿಗೂ ಗರಗಸದ ಹಲ್ಲು. ಒಂದು ದೊಡ್ಡ ಗಿಡ ನನ್ನ ತೋಳನ್ನು ಹಿಡಿದುಕೊಂಡಾಗ ನೀನು ಓಡಿ ಬಂದೆ. "ಎಳೀಬೇಡಿ! ಕೈನ ಒಳಗೆ ತಳ್ಳಿ, ಆಮೇಲೆ ಮೇಲಕ್ಕೆತ್ತಿ. ಇದರ ಹಲ್ಲು ಒಳಮುಖ, ಬರೋರನ್ನ ಬಿಡುತ್ತೆ, ಹೋಗೋರನ್ನ ಬಿಡಲ್ಲ." ಅಷ್ಟು ಹೇಳಿ ನೀನೇ ಕೆಂಪಾದೆ. ಆವತ್ತು ಮನೆಗೆ ಹೋಗಿ ಅಮ್ಮನ ಹತ್ತಿರ ಬರೀ ಗಿಡಗಳ ಬಗ್ಗೆ ಮಾತಾಡಿದೆ. ಅಮ್ಮನಿಗೆ ಗೊತ್ತಾಗಿಹೋಯಿತು.

ಮದುವೆಯಾಗಿ ನಿನ್ನ ಮನೆಗೆ ಬಂದಮೇಲೆ ಎಷ್ಟು ಖುಷಿಯಾಗಿದ್ದೆ ಗೊತ್ತಾ? ಮಣ್ಣಿಗಿಂತ ಜಲ್ಲಿಚೂರೇ ಹೆಚ್ಚಿರಬೇಕು, ಹಾಕಿದ ನೀರು ಹಾಕಿದ ಹಾಗೇ ತಳದಿಂದ ಇಳಿಯಬೇಕು, ಬೆಳೆಯುವ ಕಾಲದಲ್ಲಿ ಧಾರಾಳವಾಗಿ ಕೊಡಬೇಕು, ಕುಂಡ ಮಾತ್ರ ನೀರಲ್ಲಿ ನಿಲ್ಲಬಾರದು: ಇದನ್ನೆಲ್ಲ ಪಾಠದ ಹಾಗೆ ಒಪ್ಪಿಸುತ್ತಿದ್ದೆ. ನೀನು ನನ್ನನ್ನು ಗಿಲಿಗಿಚ್ಚಿ ಎಂದು ಕರೆಯತೊಡಗಿದೆ. ತಾರಸಿಯಲ್ಲಿ ನೀನು, ಕೆಳಗಿಳಿದು ಅತ್ತೆಯ ಎದುರಿಗೆ ಬಂದರೆ ನೀವು. ಮೆಟ್ಟಿಲ ನಡುವೆ ಎಲ್ಲೋ ವ್ಯಾಕರಣ ಬದಲಾಗುತ್ತಿತ್ತು.

ಆ ದಿನ ಎಲ್ಲವೂ ಒಟ್ಟಿಗೇ ಕಳಚಿತು. ಹಳೆಯ ಗಿಡವೊಂದು ಮರಿಗಳನ್ನು ಹಾಕಿ ಹಾಕಿ ಕುಂಡವನ್ನೇ ಸೀಳಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಮರಿಗಳನ್ನು ಬಿಡಿಸಲು ಕೂತೆವು. ನೀನು ಚರ್ಮದ ಕೈಗವಸು ಹಾಕಿದ್ದೆ. ಕಣ್ಣಿನ ರಕ್ಷಣೆಗೆ ಕನ್ನಡಕವನ್ನೂ ಹಾಕಿದ್ದೆ, ಆದರೆ ಬೆವರಿಗೆ ಅದು ಮಂಜಾಯಿತೆಂದು ಹಣೆಗೇರಿಸಿಕೊಂಡೆ. ಮರಿ ಎಲ್ಲಿ ಅಂಟಿದೆ ಎಂದು ನೋಡಲು ಮುಖವನ್ನು ಬಗ್ಗಿಸಿದೆ, ಇನ್ನೂ ಬಗ್ಗಿಸಿದೆ. ಹಗ್ಗ ಜಾರಿತು. ಮಡಚಿಟ್ಟಿದ್ದ ಎಲೆ ಛಟ್ಟನೆ ಮೇಲೆದ್ದು ನಿನ್ನ ಬಲಗಣ್ಣಿಗೆ ಬಡಿಯಿತು. ಅಷ್ಟೇ. "ಲೋ, ಉಜ್ಜಬೇಡ್ವೋ! ಕೈ ತೆಗಿಯೋ!" ಎಂದು ನಾನು ಕಿರುಚಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತಂತೆ. ಅತ್ತೆ ಹಿಂದೆಯೇ ನಿಂತಿದ್ದರು. ಅವರು ನನ್ನ ಆ 'ಲೋ'ವನ್ನು ಕೇಳಿಸಿಕೊಳ್ಳದವರ ಹಾಗಿದ್ದರು. ದೇವರಂಥವರು.

ಆದರೆ ಆಸ್ಪತ್ರೆಯಲ್ಲಿ ಅವರು ಆಡಿದ ಮಾತು ನನ್ನನ್ನು ಆ ಮುಳ್ಳಿಗಿಂತ ಆಳಕ್ಕೆ ಚುಚ್ಚಿತು. ಡಾಕ್ಟರಮ್ಮ ಮುಳ್ಳಿನ ತುದಿಯನ್ನು ತೆಗೆದು, "ಇನ್ನೊಂದು ಕಣ್ಣು ಚೆನ್ನಾಗಿದೆ ತಾನೆ?" ಎಂದರು. ನಾನು ಹೂಂ ಎನ್ನುವಷ್ಟರಲ್ಲಿ ಅತ್ತೆ, "ಇಲ್ಲಮ್ಮ, ಎಡಗಣ್ಣು ಹುಟ್ಟಿದಾಗಿಂದ ಮಂಜು. ಬಣ್ಣ, ಆಕಾರ ಅಷ್ಟೇ ಗೊತ್ತಾಗೋದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೇಳಿಲ್ವಾ ನಿಂಗೆ ಇವ್ನು?"

ಹೇಳಿರಲಿಲ್ಲ. ಲೋಟದ ಪಕ್ಕಕ್ಕೆ ಟೀ ಸುರಿಯುತ್ತಿದ್ದೆಯಲ್ಲ, ಪ್ರೀತಿಯಲ್ಲಿ ಮೈಮರೆತಿದ್ದಾನೆ ಎಂದುಕೊಂಡು ಬೀಗುತ್ತಿದ್ದೆ. ಬೀದಿಯಲ್ಲಿ ನನ್ನನ್ನು ಯಾವಾಗಲೂ ಬಲಕ್ಕೇ ಇಟ್ಟುಕೊಂಡು ನಡೆಯುತ್ತಿದ್ದೆ, ಎಷ್ಟು ಜೋಪಾನ ಎಂದು ಗೆಳತಿಯರಿಗೆಲ್ಲ ಹೇಳಿದ್ದೆ. ಎಲೆಗೆ ಮೂಗು ತಾಗುವಷ್ಟು ಬಗ್ಗಿ ನೋಡುವುದನ್ನು ಭಕ್ತಿ ಎಂದು ಕರೆದಿದ್ದೆ! ಅದೆಲ್ಲ ಒಂದೇ ಕಣ್ಣಿನ ಮನುಷ್ಯನ ಲೆಕ್ಕಾಚಾರವಾಗಿತ್ತು. ಮಂಚದ ಪಕ್ಕ ನಿಂತು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನೀನು ಕೊಟ್ಟ ಉತ್ತರ: "ಕೇಳಿದ್ರೆ ಹೇಳ್ತಿದ್ದೆ ಕಣೆ." ಯಾರಾದರೂ ಹುಡುಗನ ಕಣ್ಣುಗಳನ್ನು ಒಂದೊಂದಾಗಿ ವಿಚಾರಿಸುತ್ತಾರೇನೋ, ಮಹಾರಾಯ! ಕೋಪ ಬಂತು. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು, ಕೋಪಕ್ಕೆ ಕೂರಲು ಜಾಗವೇ ಸಿಗಲಿಲ್ಲ.

ಗಿಡದ ಮುಳ್ಳಿನ ಜೊತೆ ಬೂಷ್ಟೂ ಒಳಗೆ ಹೋಗಿರಬಹುದು ಎಂದರು ಡಾಕ್ಟರಮ್ಮ. ಗಂಟೆಗೊಮ್ಮೆ ಹನಿ ಹಾಕಬೇಕು, ಮುಳ್ಳು ಚುಚ್ಚಿದ ಜಾಗದ ಬಿಳಿ ಚುಕ್ಕೆ ದೊಡ್ಡದಾದರೆ ತಕ್ಷಣ ಬರಬೇಕು. ಆ ಕೆಲಸ ನನ್ನದಾಯಿತು. ಮೊದಲೆಲ್ಲ ನಿನ್ನ ಕಣ್ಣಿಗೆ ಕಣ್ಣಿಟ್ಟರೆ ನಾಚಿಕೆಯಾಗಿ ನಗುತ್ತಿದ್ದೆ. ಈಗ ಗಂಟೆಗೊಮ್ಮೆ ರೆಪ್ಪೆ ಬಿಡಿಸಿ, ಟಾರ್ಚು ಹಿಡಿದು, ಸಕ್ಕರೆ ಹರಳಿನಷ್ಟಿದ್ದ ಆ ಚುಕ್ಕೆಯನ್ನು ನೋಡಬೇಕು. ನಿನಗೆ ನನ್ನ ಮುಖ ಬರೀ ಒಂದು ಮಸುಕು ಎಂದು ಗೊತ್ತಾದ ಮೇಲೆ ನಾನು ಮೋಸ ಮಾಡಲು ಕಲಿತೆ. ಬಾಯಿ ಗಿಲಿಗಿಚ್ಚಿಯ ಹಾಗೆ ವಟಗುಟ್ಟುತ್ತಿತ್ತು: ಬೇರೆ ಮಾಡಿದ ಮರಿಗಳನ್ನು ನೆರಳಿನಲ್ಲಿಟ್ಟಿದ್ದೇನೆ, ಬುಡದ ಗಾಯ ಒಣಗುತ್ತಿದೆ, ಆಮೇಲೆ ನೆಡೋಣ. ಕಣ್ಣಿಂದ ಮಾತ್ರ ನೀರು ಇಳಿಯುತ್ತಲೇ ಇತ್ತು. ಒಂದು ಸಲ ಅದು ನಿನ್ನ ಕೆನ್ನೆಯ ಮೇಲೆ ಬಿತ್ತು. ನೀನು ನಕ್ಕೆ. "ಗಿಲಿಗಿಚ್ಚಿ, ಗುರಿ ತಪ್ತು. ಔಷಧಿ ಕೆನ್ನೆಗಲ್ಲ ಕಣೆ." ನಾನೂ ನಕ್ಕು ಸಾರಿ ಎಂದೆ. ಆಮೇಲೆ ತಾರಸಿಗೆ ಓಡಿ ಆ ಗಿಡವನ್ನು ಎತ್ತಿ ಕೆಳಗೆ ಎಸೆಯಬೇಕೆಂದು ನಿಂತೆ. ಅತ್ತೆ ಹಿಂದಿನಿಂದ ಬಂದು, "ಅದೇನ್ ಮಾಡ್ತಮ್ಮ ಪಾಪ, ಅದಕ್ಕೆ ಇರೋದೇ ಮುಳ್ಳು," ಎಂದು ನನ್ನ ಕೈಯಿಂದ ಬಿಡಿಸಿಕೊಂಡರು.

ಇವತ್ತು ಬೆಳಿಗ್ಗೆ ರೆಪ್ಪೆ ಬಿಡಿಸಿದಾಗ ಚುಕ್ಕೆ ಚುಕ್ಕೆಯಾಗಿ ಉಳಿದಿರಲಿಲ್ಲ. ಅಂಚೆಲ್ಲ ಹತ್ತಿಯ ಹಾಗೆ ಹರಡಿತ್ತು. "ಹೇಗಿದೆ?" ಎಂದು ನೀನು ಕೇಳಿದೆ. "ಚಿಕ್ಕದಾಗಿದೆ! ಸುಮ್ನೆ ಒಂದ್ಸಲ ತೋರಿಸ್ಕೊಂಡು ಬರೋಣ," ಎಂದೆ ನಾನು. ಮೆಟ್ಟಿಲಿಳಿಯುವಾಗ ನೀನು ಅರ್ಧದಲ್ಲಿ ನಿಂತುಬಿಟ್ಟೆ. "ನಿನ್ನ ದನಿ ಯಾಕೋ ಸೋಪಿನ ಜಾಹೀರಾತಿನ ತರ ಇದೆ. ನಿಜ ಹೇಳು."

ಆಗ ನನ್ನಿಂದ ಆಗಲಿಲ್ಲ. "ದೊಡ್ಡದಾಗಿದೆ ಕಣೋ. ತುಂಬ ದೊಡ್ಡದಾಗಿದೆ. ನಂಗೆ ಭಯ ಆಗ್ತಿದೆ."

ನೀನು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತೆ. "ನಂಗೂ ಗೊತ್ತಾಗಿತ್ತು. ನಿನ್ನೆ ಸಾಯಂಕಾಲದಿಂದ ಆ ಕಡೆ ಬೆಳಕು ಕಮ್ಮಿ."

"ಮತ್ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿ ಮಾತಾಡ್ತಿದ್ದೆಯಲ್ಲ, ಹೆಂಗೆ ಹೇಳೋದು?"

ಒಂದು ರಾತ್ರಿ ಪೂರ್ತಿ ಹಾಳು ಮಾಡಿಕೊಂಡೆವಲ್ಲೋ! ನೀನು ನನ್ನ ಖುಷಿ ಕಾಯುತ್ತಾ, ನಾನು ನಿನ್ನ ಧೈರ್ಯ ಕಾಯುತ್ತಾ. ನಿನ್ನೆಯೇ ಬಂದಿದ್ದರೆ ಎಂದು ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೆಳಗಿನಿಂದ ಅತ್ತೆ, "ಆಟೋ ನಿಂತಿದೆ, ಬರ್ತೀರೋ ಇಲ್ವೋ ಇಬ್ರೂ?" ಎಂದು ಕೂಗುವವರೆಗೆ ಅಲ್ಲೇ ಕೂತಿದ್ದೆವು.

ಆ ಚುಕ್ಕೆ ಈಗ ಹುಣ್ಣಾಗಿದೆ, ಅದನ್ನು ಕೆರೆದು ಒಳಗೇ ಔಷಧಿ ಹಾಕುತ್ತಾರಂತೆ. ಹರಡುವುದು ನಿಂತರೆ ನಿಂತಿತು, ಇಲ್ಲದಿದ್ದರೆ ಬೇರೆ ಯಾರಾದರೂ ದಾನ ಮಾಡಿಹೋದ ಕಾರ್ನಿಯಾಕ್ಕೆ ಕಾಯಬೇಕು. ಎಷ್ಟು ಕಾಯಬೇಕು ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಭುಜ ಮುಟ್ಟಿ ಒಳಗೆ ಹೋದರು. ಇನ್ನು ಮೇಲೆ ನನಗೆ ಭಯವಾದರೆ ಭಯದ ದನಿಯಲ್ಲೇ ಹೇಳುತ್ತೇನೆ. ನಿನಗೆ ಕತ್ತಲೆ ಕಂಡರೆ ಕತ್ತಲೆ ಎಂದೇ ಹೇಳು. ಕೇಳಲಿ ಎಂದು ಕಾಯಬೇಡ.

ಬಾಗಿಲು ತೆರೆಯಿತು. "ಮುಳ್ಳು ಚುಚ್ಚಿದೋರ ಕಡೆಯೋರು ಯಾರು? ಬನ್ನಿ," ಎಂದು ನರ್ಸ್ ಕರೆಯುತ್ತಿದ್ದಾರೆ. ಅವರ ಮುಖ ನೋಡಿ ಏನೂ ತಿಳಿಯುತ್ತಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾರೆ. ಇದನ್ನು ಮಡಿಸಿ ಬ್ಯಾಗಿನ ಒಳಜೇಬಿಗೆ ಹಾಕುತ್ತೇನೆ. ಅತ್ತೆಗೂ ಕೊಡುವುದಿಲ್ಲ, ನಾನೂ ಓದಿ ಹೇಳುವುದಿಲ್ಲ, ಎಷ್ಟು ಗೋಗರೆದರೂ. ಎಷ್ಟು ದಿನವಾದರೂ ಆಗಲಿ, ಒಳಜೇಬಿನಲ್ಲೇ ಇರಲಿ.

ಇದನ್ನು ನಿನ್ನ ಕಣ್ಣೇ ಓದುವಂತಾಗಲಿ ಎಂದು ಬೇಡಿಕೊಳ್ಳುತ್ತಾ, ಒಳಗೆ ಬರುತ್ತಿದ್ದೇನೆ,

ನಡುಗುತ್ತಿರುವ ನಿನ್ನ
ಗಿಲಿಗಿಚ್ಚಿ