ನಾನು ಹೊರಬಂದ ದಿನ

ನವೆಂಬರ್ 6, ಗುರುವಾರ. ಬೆಳಿಗ್ಗೆ 7
ಹಾನಗಲ್ ಕಾಲೇಜಿನಲ್ಲಿ ಇಂದು ನನ್ನ ಕಾಮರ್ಸ್ ಪಾಠ ಎರಡೇ ಪೀರಿಯಡ್. ಶೇರು ಮಾರ್ಕೆಟ್ ತೆರೆಯುವ ಮೊದಲು ಬರೆದಿಡುತ್ತೇನೆ: ‘ಸಂತೆಗೋ’ ಆ್ಯಪ್ ಕಂಪನಿ, ಫ್ಯೂಚರ್ಸ್‌ನಲ್ಲಿ 400ಕ್ಕೆ ಶಾರ್ಟ್—ಬೆಲೆ ಬೀಳುತ್ತದೆಂದು ಮುಂಚೆಯೇ ಮಾರಾಟ. ಒಂದೇ ಲಾಟ್, ಕನಿಷ್ಠ ಕಂತೆ. ಸ್ಟಾಪ್‌ಲಾಸ್ 430—ಮುಟ್ಟಿದರೆ ತಾನಾಗಿಯೇ ಹೊರಗೆ. ಸರಿಸುವುದಿಲ್ಲ.
ಸವಣೂರಿನಲ್ಲೂ ಗೋದಾಮಿದೆ, ಹತ್ತು ನಿಮಿಷದಲ್ಲಿ ದಿನಸಿ ಎನ್ನುತ್ತದೆ ಕಂಪನಿ. ಭಾನುವಾರ ಹೋಗಿ ನೋಡಿದೆ. ಶಟರ್‌ಗೆ ತುಕ್ಕು. ಪಕ್ಕದ ಸೈಕಲ್ ಅಂಗಡಿಯ ಹಸನಸಾಬರು, “ಒಂದ್ ದಿನಾನೂ ತೆರದಿಲ್ಲರಿ. ಬೋರ್ಡ್ ಹಾಕಿ ಫೋಟೋ ಹೊಡಕೊಂಡು ಹೋದ್ರು” ಎಂದರು. ಇದಕ್ಕೆ ಇಷ್ಟು ಬೆಲೆ…

ನವೆಂಬರ್ 8, ಶನಿವಾರ
ತಮ್ಮ ಶರಣು ಬಂಕಾಪುರದಿಂದ ಬಂದಿದ್ದ. ಬೀಜದ ಅಂಗಡಿಯ ಆದಾಯದ ಮೇಲೆಯೇ ಅವನ ಸಂಸಾರ. ಸವಣೂರಿನ ಸುದ್ದಿ ಹೇಳಬಾರದಿತ್ತು. ಹೇಳಿದೆ.
“ಅಂದ್ರ ಈಗ ಮಾರಿ, ಬಿದ್ದಮ್ಯಾಲೆ ಕೊಳ್ಳೂದು. ಬೀಳೂದು ಖರೆ ಹೌದಿಲ್ಲೋ ಅಕ್ಕಾ?”
“ಬೀಳತೈತಿ. ಯಾವಾಗ ಅಂತ ಗೊತ್ತಿಲ್ಲ. ಏರಿದ್ರ ಲುಕ್ಸಾನಕ್ಕ ಮಿತಿನ ಇಲ್ಲ. ಸ್ಟಾಪ್‌ಲಾಸ್ ಇಲ್ದ ಮುಟ್ಟಬ್ಯಾಡ.”
“ಸೋಮವಾರ ನಾನೂ ಮಾರ್ತೇನಿ. ನೀ ಇರೂತನಾ ನಾನೂ ಇರ್ತೇನಿ. ಅದ ನನ್ನ ಸ್ಟಾಪ್‌ಲಾಸ್.”
ನಕ್ಕುಬಿಟ್ಟೆ. ಹಿತವೆನಿಸಿತು, ನಿಜ. ನನ್ನ ಪಾಠವನ್ನು ಮನೆಯವರು ಯಾರೂ ಕೇಳಿದ್ದಿಲ್ಲ.

ನವೆಂಬರ್ 12, ಬುಧವಾರ. ಮಧ್ಯಾಹ್ನ 1.40
ಸ್ಟಾಫ್‌ರೂಮು. ಯಾವುದೋ ದೊಡ್ಡ ಫಂಡ್ ಕೊಳ್ಳುತ್ತಿದೆಯಂತೆ. 430 ದಾಟಿತು. ನಾನು ಹೊರಗೆ. ಅರ್ಧ ತಿಂಗಳ ಸಂಬಳ ಹೋಯಿತು—ತಡೆದುಕೊಳ್ಳಬಹುದು. ಶರಣುಗೆ ಫೋನ್ ಮಾಡಬೇಕು. ಸಂಜೆ.

ನವೆಂಬರ್ 13
ಮಾಡಲಿಲ್ಲ. ಅಕ್ಕನ ಲೆಕ್ಕ ತಪ್ಪಿತು ಅನ್ನಲೇ? ಎರಡು ದಿನದಲ್ಲಿ ಇಳಿಯುತ್ತದೆ. ಆಗ ಹೇಳಿದರಾಯಿತು.

ನವೆಂಬರ್ 18, ಮಂಗಳವಾರ
471. ಅವನೇ ಫೋನ್ ಮಾಡಿದ. “ಬ್ರೋಕರ್ ಇನ್ನೂ ರೊಕ್ಕ ತುಂಬು ಅನ್ನಾಕತ್ತಾನ. ನೀ ಇದ್ದೀ ಹೌದಿಲ್ಲೋ ಅಕ್ಕಾ?”
“ಕ್ಲಾಸ್ ಐತೋ. ಆಮ್ಯಾಲೆ ಮಾತಾಡೂಣು.”
ಕ್ಲಾಸ್ ಇರಲಿಲ್ಲ.

ನವೆಂಬರ್ 24, ಸೋಮವಾರ
ಶುಕ್ರವಾರ 538. ಶರಣುಗೆ ಮತ್ತೆ ಹಣ ತುಂಬಲಾಗಲಿಲ್ಲ, ಅವನು ಮಾರಿದ್ದ ಮೂರು ಲಾಟ್‌ಗಳನ್ನೂ ಬ್ರೋಕರೇ ನಷ್ಟಕ್ಕೆ ಮುಚ್ಚಿಬಿಟ್ಟ. ಅಂಗಡಿಗೆ ಮಾಲು ತರಲು ಇಟ್ಟದ್ದು, ಹೆಂಡತಿ ಅಂಕಿತಾಳ ಬಂಗಾರ… ಎಲ್ಲ ಹೋಯಿತು. ಅವ್ವ ಫೋನಿನಲ್ಲಿ ಹೇಳಿದಳು. ಅವನು ಹೇಳಲಿಲ್ಲ.

ಡಿಸೆಂಬರ್ 3, ಬುಧವಾರ
ಕಂಪನಿಯ ಆಡಿಟರ್ ರಾಜೀನಾಮೆ. ಇಲ್ಲದ ಗೋದಾಮುಗಳ ಸುದ್ದಿ ಟಿವಿಯಲ್ಲಿ. 290. ತುಕ್ಕು ಹಿಡಿದ ಶಟರ್ ಬಗ್ಗೆ ಸ್ಟಾಫ್‌ರೂಮಿನಲ್ಲಿ ಹಿಂದೆಯೇ ಹೇಳಿದ್ದೆ. ಪ್ರಿನ್ಸಿಪಾಲರು ಎಲ್ಲರೆದುರು, “ಮೇಡಂ ಆವಾಗನ ಹೇಳಿದ್ರು ನೋಡ್ರಿ” ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಡಿಸೆಂಬರ್ 7, ಭಾನುವಾರ
ಬಂಕಾಪುರಕ್ಕೆ ಹೋಗಿದ್ದೆ. ಕಪಾಟುಗಳು ಖಾಲಿ. ಶರಣು ಕುರ್ಚಿ ಒರೆಸಿ ಕೊಟ್ಟ. ಅವನಿಗೆ ನನ್ನದೇ ಚಿಂತೆ.
“ನಿಂದೂ ಹೋತಲ್ಲ ಅಕ್ಕಾ. ನನ್ನಕಿಂತ ಹೆಚ್ಚ ಹಾಕಿರಬೇಕು ನೀ.”
“ನಾ ಹನ್ನೆರಡನೇ ತಾರೀಕಿಗೇ ಹೊರಗ ಬಂದಿದ್ದೆ ಶರಣು.”
ಅವನು ಒರೆಸುವ ಬಟ್ಟೆಯನ್ನು ಮಡಚುತ್ತಲೇ ಇದ್ದ. ನೀರು ತಂದ ಅಂಕಿತಾ ಬಾಗಿಲಲ್ಲೇ ನಿಂತಳು.
“ಒಂದ್ ಫೋನ್ ಮಾಡಾಕ ಏನಾಗಿತ್ರಿ ಅಕ್ಕಾರ?”
ಉತ್ತರ ಕೊಡದೆ ಬಸ್ಸು ಹತ್ತಿ ಬಂದೆ. ಇಲ್ಲಾದರೂ ಬರೆಯಬೇಕು. ಏನಾಗಿತ್ತೆಂದರೆ, ನನಗೆ ಅವನೆದುರು ಲೆಕ್ಕ ತಪ್ಪಿದ ಅಕ್ಕ ಆಗುವುದು ಬೇಡವಾಗಿತ್ತು.