ಎಡಕ್ಕೆ ಹನ್ನೆರಡು ಅಡಿ

ಮೂರನೇ ಗಾಳಿಯ ಹನ್ನೊಂದನೇ ದಿನ, ಎರಡು ಸಾವಿರದ ನೂರಾ ತೊಂಬತ್ತೊಂದು
ಗಾಳಿಮರದ ದಿಬ್ಬದಿಂದ

ಇಳಕಲ್ಲಿನ ಗ್ಯಾನಪ್ಪ ಮುತ್ಯಾನವರಿಗೆ ನಿಮ್ಮ ಆರನೇ ತಲೆಯ ಮೊಮ್ಮಗಳು ನೀಲಗಂಗಾ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ತಿಂಗಳುಗಳನ್ನು ಬಿಟ್ಟು ಬಹಳ ಕಾಲವಾಯಿತು. ವರ್ಷಕ್ಕೆ ಐದು ಗಾಳಿ ಬೀಸುತ್ತವೆ, ದಿನಗಳನ್ನು ಅವುಗಳ ಮೇಲೇ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಕನ್ನಡದಲ್ಲಿ ಅರ್ಧ ನಿಮ್ಮ ಮನೆಯ ಮಾತು ಕೇಳಿಸಿಕೊಂಡು ಕಲಿತದ್ದು. ಅದು ಹೇಗೆಂದು ಮುಂದೆ ಹೇಳುತ್ತೇನೆ. ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಎಪ್ಪತ್ತು ದಾಟಿದವರು ಹಿಂದಿನವರಲ್ಲಿ ಒಬ್ಬರನ್ನು ಆರಿಸಿಕೊಂಡು ಒಂದು ಓಲೆ ಬರೆಯುವುದು ವಾಡಿಕೆ. ತಲುಪಿದ ಸುದ್ದಿ ಈವರೆಗೆ ಯಾರಿಗೂ ಬಂದಿಲ್ಲ. ತಲುಪಲಿಲ್ಲ ಎಂಬ ಸುದ್ದಿಯೂ ಬಂದಿಲ್ಲ. ನನಗೀಗ ಎಪ್ಪತ್ನಾಲ್ಕು, ನಿಮ್ಮ ದನಿ ಕೇಳಿದರೆ ನಿಮಗೆ ನಲವತ್ತರ ಮೇಲೆ ಒಂದೆರಡು ವರ್ಷ ಇರಬೇಕು. ಮುತ್ಯಾ ಎನ್ನುತ್ತಲೇ ಮಗನಿಗೆ ಹೇಳಿದಂತೆ ಬುದ್ಧಿ ಹೇಳಿದರೆ ನಕ್ಕುಬಿಡಿ.

ಗಾಳಿಮರವೆಂದರೆ ಗಾಳಿಗೆ ತಿರುಗಿ ಕರೆಂಟು ಕೊಡುವ ಕಂಬ. ನಿಮ್ಮ ಕಾಲದಲ್ಲೂ ಇದ್ದವಂತೆ, ಇಷ್ಟು ಎತ್ತರದವಲ್ಲ. ಈ ದಿಬ್ಬದ ಮೂವತ್ತೊಂದು ಮರಗಳಿಗೆ ನಾನು ಕಾವಲು. ಮೊದಲು ಒಂಬತ್ತು ಮನೆಗಳಿದ್ದವು, ಈಗ ನನ್ನದೊಂದೇ. ಬೆಳಿಗ್ಗೆ ಸುತ್ತಿ ಬಂದು, ಕಿರುಗುಟ್ಟುವ ಕೀಲಿಗೆ ಎಣ್ಣೆ ಬಿಟ್ಟು, ಎರಡು ರೊಟ್ಟಿ ಬಡಿಯುತ್ತೇನೆ. ಮೂರು ದಿನ ಮಾತಾಡದಿದ್ದರೆ ಗಂಟಲು ಕಟ್ಟುತ್ತದೆ. ಹಾಗಾಗಿ ಮರಗಳನ್ನು ಜೋರಾಗಿ ಎಣಿಸುತ್ತ ನಡೆಯುತ್ತೇನೆ. ಹಿಟ್ಟು, ಔಷಧ, ಬ್ಯಾಟರಿ ತರುವುದು ಹೊರೆಹಕ್ಕಿ. ಅದು ಒಳಗೆ ಯಾರೂ ಇಲ್ಲದೆ ತಾನೇ ಹಾರಿ ತಾನೇ ಇಳಿಯುವ ವಿಮಾನ, ಹತ್ತು ದಿನಕ್ಕೊಮ್ಮೆ ಬರುತ್ತದೆ. ದೂಳೆದ್ದು ಅದರ ಲೆಕ್ಕ ತಪ್ಪಿದರೆ ನೆಲದಲ್ಲಿ ಕೂತು ಕೈಯಿಂದ ಇಳಿಸಬಲ್ಲವರೊಬ್ಬರು ಪ್ರತಿ ದಿಬ್ಬದಲ್ಲೂ ಇರಬೇಕೆಂಬುದು ನಿಯಮ. ನಮ್ಮಲ್ಲಿ ಆ ಪರವಾನಗಿ ಇದ್ದದ್ದು ಪಕ್ಕದ ಮನೆಯ ತಿರುಕಪ್ಪನಿಗೆ. ಅವನು ಹೋದ ವರ್ಷ ತೀರಿಕೊಂಡ. ಎರಡು ಗಾಳಿಯೊಳಗೆ ನಾನು ಪರೀಕ್ಷೆ ಪಾಸು ಮಾಡದಿದ್ದರೆ ಹೊರೆಹಕ್ಕಿ ನಿಲ್ಲುತ್ತದೆ, ನಾನು ತಂಪುಪಟ್ಟಣಕ್ಕೆ ಹೋಗಬೇಕು ಎಂದು ಕಚೇರಿಯವರು ಹೇಳಿ ಕಳಿಸಿದರು. ತಂಪುಪಟ್ಟಣವೆಂದರೆ ಸಾವಿರಾರು ಜನ ಒಂದೇ ಸೂರಿನಡಿ ಬದುಕುವ ಕಟ್ಟಡ. ಅಲ್ಲಿ ಕಿಟಕಿ ತೆರೆಯುವುದಿಲ್ಲ. ಐವತ್ತು ವರ್ಷ ಗಾಳಿಯ ಸದ್ದಿನಲ್ಲಿ ಮಲಗಿದವಳಿಗೆ ಅಲ್ಲಿ ನಿದ್ದೆ ಹತ್ತೀತೇ?

ಕಲಿಸುವವರು ಯಾರೂ ಇರಲಿಲ್ಲ. ಆಗ ನೆನಪಾದದ್ದು ಮನೆತನದ ಟ್ರಂಕಿನಲ್ಲಿದ್ದ ನಿಮ್ಮ ಡಿಸ್ಕು. ಹಗಲೆಲ್ಲ ಮಿಕ್ಸರ್ ರಿಪೇರಿ ಮಾಡಿ, ಭಾನುವಾರ ಮಧ್ಯಾಹ್ನ ಮನೆಯ ಕಂಪ್ಯೂಟರಿನ ಆಟದಲ್ಲಿ ವಿಮಾನ ಹಾರಿಸುತ್ತಿದ್ದಿರಂತೆ. ಅದರಲ್ಲಿ ಮೂವತ್ತೇಳು ಹಾರಾಟಗಳನ್ನು ಉಳಿಸಿಟ್ಟಿದ್ದೀರಿ. ಒಂದನ್ನು ಆರಿಸಿದರೆ ನಿಮ್ಮ ವಿಮಾನ ಮಸುಕಾದ ನೆರಳಿನಂತೆ ಮುಂದೆ ಹಾರುತ್ತದೆ, ನಾನು ಬೆನ್ನು ಹತ್ತಬೇಕು. ಮೈಕನ್ನು ನೀವು ಬಂದ್ ಮಾಡುತ್ತಲೇ ಇರಲಿಲ್ಲವಾಗಿ ನಿಮ್ಮ ಕೋಣೆಯೂ ಜೊತೆಗೇ ಕೇಳುತ್ತದೆ: ಫ್ಯಾನು, ಬೀದಿಯ ಬೈಕು, ಎಡಗಡೆ ಸೇಂಗಾ ಸುಲಿಯುತ್ತ ಕೂತ ನಿಮ್ಮ ತಾಯಿ ಬಸಲಿಂಗವ್ವ.

ಮೊದಲ ನಲವತ್ತು ಸಲ ನೆಲಕ್ಕೆ ಬಡಿದೆ. ಕುರ್ಚಿಯಲ್ಲಿ ಕೂತ ಮೈಗೆ ಬೀಳುತ್ತಿರುವುದು ತಿಳಿಯುವುದೇ ಇಲ್ಲ, ಕಣ್ಣೊಂದೇ ಗತಿ. ಚಕ್ರದ ಕೆಳಗಿನ ನೆಲ ನೋಡಿದರೆ ಅದು ಎದ್ದು ಬಂದಂತಾಗಿ ಮೂತಿ ಬೇಗ ಎತ್ತಿಬಿಡುತ್ತಿದ್ದೆ. ವಿಮಾನ ತೇಲಿ, ಸೋತು, ಧೊಪ್ಪನೆ ಕೂರುತ್ತಿತ್ತು. ನೋಡಬೇಕಾದದ್ದು ರನ್‌ವೇಯ ಆ ಕೊನೆ ಎಂದು ಕಲಿತದ್ದು ನೀವು ಅವ್ವನಿಗೆ ಹೇಳಿದ ಮಾತಿನಿಂದ. ಅವರ ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ.

"ಲೇ ಗ್ಯಾನ್ಯಾ, ಇದು ಯಾವ ಊರೋ?"

"ಹುಬ್ಬಳ್ಳಿ ಬೇ."

"ಹುಬ್ಬಳ್ಳಿಗೆ ಹೋಗಾಕ ಬಸ್ಸಿಲ್ಲೇನು?"

ಹತ್ತನೆಯದರಲ್ಲಿ ನೀವು ಮೂರು ಸಲ ಕುಪ್ಪಳಿಸಿ ಇಳಿದಾಗ, "ಒಳಗ ಕುಂತವರ ಚಾ ಎಲ್ಲಾ ಚೆಲ್ಲಿತು ನೋಡು" ಎಂದರು. ಇಪ್ಪತ್ತರ ಹೊತ್ತಿಗೆ ಅವರೂ ಅರ್ಧ ಪೈಲಟ್ ಆಗಿದ್ದರು. ನೆಲಕ್ಕೆ ಇಳಿಯುವ ಮುನ್ನ ವಿಮಾನದ ಹೊಟ್ಟೆಯೊಳಗಿನ ಚಕ್ರಗಳನ್ನು ಕೆಳಗೆ ಬಿಡಬೇಕಲ್ಲ, ಇನ್ನೂರು ಅಡಿಗೆ ಬಂದಾಗ ಅದನ್ನೇ ತಪ್ಪದೆ ಕೇಳುತ್ತಿದ್ದರು: "ಗಾಲಿ ಬಿಟ್ಟಿಯೇನಪಾ?" "ಬಿಟ್ಟೇನಿ ಬೇ" ಎನ್ನುತ್ತಿದ್ದಿರಿ. ನಿಜ ಹೇಳುತ್ತೇನೆ, ಕಲಿಕೆಗಿಂತ ಹೆಚ್ಚಾಗಿ ಈ ಮಾತಿಗೇ ದಿನವೂ ಕೂರುತ್ತಿದ್ದೆ. ಎರಡನೇ ರೊಟ್ಟಿ ತಿನ್ನುವುದೂ ಅಲ್ಲೇ ಆಯಿತು.

ಪರೀಕ್ಷೆಯ ದಿನ ಪರದೆಯಲ್ಲಿ ಬಂದ ಹೆಣ್ಣುಮಗಳು ನನ್ನ ಕೈಯಲ್ಲಿ ಐದು ಸಲ ವಿಮಾನ ಇಳಿಸಿ ನೋಡಿದಳು. ಆಮೇಲೆ ಹೇಳಿದಳು: "ಅಜ್ಜಿ, ಕೈ ಚಲೋ ಐತಿ. ಆದರ ಐದೂ ಸಲ ನಡುಗೆರೆ ಬಿಟ್ಟು ಎಡಕ್ಕ ಹನ್ನೆರಡು ಅಡಿ. ಎಡಕ್ಕ ಯಾರದಾರ?" ನಮ್ಮ ರನ್‌ವೇಯ ಅಗಲವೇ ಇಪ್ಪತ್ತು ಅಡಿ. ಎಡಕ್ಕೆ ಹನ್ನೆರಡು ಎಂದರೆ ಕಲ್ಲಿನ ಮೇಲೆ. ಇಪ್ಪತ್ತು ದಿನ ಬಿಟ್ಟು ಇನ್ನೊಂದೇ ಅವಕಾಶ ಎಂದು ಬರೆದುಕೊಂಡಳು.

ಅಂದು ನಿಮ್ಮ ಹಾರಾಟಗಳನ್ನೆಲ್ಲ ಅಳತೆ ಹಿಡಿದು ನೋಡಿದೆ. ನೀವೂ ಹಾಗೇ ಇಳಿದಿದ್ದೀರಿ. ಇನ್ನೂರು ಅಡಿಯಲ್ಲಿ ಅವ್ವ ಕೇಳುತ್ತಾರೆ, ನೀವು ಎಡಕ್ಕೆ ತಿರುಗಿ ಉತ್ತರ ಕೊಡುತ್ತೀರಿ, ಕೈಯೂ ಅಷ್ಟೇ ವಾಲುತ್ತದೆ. ನನ್ನ ಎಡಕ್ಕಿರುವುದು ಗೋಡೆ, ಆದರೂ ನಾನೂ ತಿರುಗುತ್ತಿದ್ದೆ.

ನೇರವಾಗಿ ಇಳಿದದ್ದು ಒಂದೇ, ಮೂವತ್ತೇಳನೆಯದು. ಅದನ್ನು ನಾನು ಒಮ್ಮೆ ಕೇಳಿ ಪಕ್ಕಕ್ಕಿಟ್ಟಿದ್ದೆ. ಮೂವತ್ತಾರರಲ್ಲಿ ನಿಮಗೆ ಏನೋ ಬೇಸರವಿತ್ತು, ಅವ್ವ ಗಾಲಿ ಕೇಳಿದಾಗ "ಒಂದೀಟು ಸುಮ್ಮನಿರಬೇ, ಪ್ರತಿ ಸಲ ಅದ ಏನು" ಎಂದಿರಿ. ಸೇಂಗಾ ಸುಲಿಯುವ ಸದ್ದು ನಿಂತಿತು. ತಾರೀಖಿನ ಪ್ರಕಾರ ಮೂವತ್ತೇಳನೆಯದು ನಾಲ್ಕು ತಿಂಗಳ ಮೇಲಿನದು. ಅದರಲ್ಲಿ ಬರೀ ಫ್ಯಾನು. ಇನ್ನೂರು ಅಡಿಗೆ ಬಂದಾಗ ನೀವು, ಯಾರೂ ಕೇಳದೆ, ಮೆಲ್ಲಗೆ "ಗಾಲಿ ಬಿಟ್ಟೇನಿ" ಎನ್ನುತ್ತೀರಿ. ವಿಮಾನ ದಾರ ಹಿಡಿದಂತೆ ನಡುಗೆರೆಯ ಮೇಲೆ ಇಳಿಯುತ್ತದೆ. ನಾನು ಅಷ್ಟು ಚೆಂದದ ಇಳಿತ ಇನ್ನೊಂದು ಕಂಡಿಲ್ಲ.

ಇಪ್ಪತ್ತು ದಿನ ಅದೊಂದನ್ನೇ ಬೆನ್ನು ಹತ್ತಿದೆ. ಕತ್ತು ನೇರವಾಯಿತು. ಪರವಾನಗಿ ಕೊಟ್ಟರು. ಐದು ದಿನದ ಹಿಂದೆ ಹೊರೆಹಕ್ಕಿ ಹಿಟ್ಟು ತಂದಿತು, ತಾನೇ ಇಳಿಯಿತು, ನನ್ನ ಕೈ ಬೇಕಾಗಲಿಲ್ಲ. ಇಡೀ ದಿಬ್ಬದಲ್ಲಿ ಹೇಳಿಕೊಳ್ಳಲು ಒಬ್ಬರೂ ಇಲ್ಲವೆಂದು ನಿಮಗೆ ಬರೆಯಲು ಕೂತೆ.

ಆ ನಾಲ್ಕು ತಿಂಗಳಲ್ಲಿ ಏನಾಯಿತೋ ತಿಳಿಯದು. ನಮ್ಮ ವಂಶದ ಪಟ್ಟಿಯಲ್ಲಿ ಗಂಡಸರ ತಾರೀಖುಗಳಷ್ಟೇ ಇವೆ. ಅವ್ವ ತೀರಿಹೋದರೋ, ಮುನಿಸಿಕೊಂಡು ಒಳಮನೆಯಲ್ಲೇ ಸೇಂಗಾ ಸುಲಿಯುತ್ತ ಕೂತರೋ. ಈ ಓಲೆ ನಿಮಗೆ ಮೂವತ್ತಾರು ಮುಗಿದು ಮೂವತ್ತೇಳು ಇನ್ನೂ ಬಾರದ ಯಾವುದೋ ಭಾನುವಾರ ಸಿಕ್ಕರೆ, ಕಂಪ್ಯೂಟರು ಹಚ್ಚುವ ಮೊದಲು ಒಳಗೆ ಹೋಗಿ "ಬಾ ಬೇ, ಹುಬ್ಬಳ್ಳಿಗೆ ಹೊಂಟೇನಿ" ಎಂದು ಕರೆಯಿರಿ. ಬರುವುದಿಲ್ಲ ಎಂದರೆ ಕೈ ಹಿಡಿದು ಕರೆತನ್ನಿ.

ಹಾಗೆ ಮಾಡಿದರೆ ನೀವು ಎಂದೂ ನೇರ ಇಳಿಯುವುದಿಲ್ಲ, ಆ ಮೂವತ್ತೇಳನೆಯದು ನನ್ನ ಕೈಗೆ ಬರುವುದಿಲ್ಲ, ಪರವಾನಗಿಯೂ ದಿಬ್ಬವೂ ಹೋಗುತ್ತವೆ. ಇದನ್ನು ನಾಲ್ಕು ದಿನ ಯೋಚಿಸಿಯೇ ಬರೆಯುತ್ತಿದ್ದೇನೆ. ಹೋಗಲಿ ಮುತ್ಯಾ. ತಂಪುಪಟ್ಟಣದಲ್ಲೂ ಜನ ನಿದ್ದೆ ಮಾಡುತ್ತಾರೆ, ನಾನೂ ಕಲಿಯುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ನೀಲಗಂಗಾ